ಬುಷ್ ರಾಯರು

ನಂದಿನಿ ಲೇಔಟಿನ ನಮ್ಮ ಕ್ರಾಸಿನಲ್ಲಿ ಭಾನುವಾರ ಬೆಳಿಗ್ಗೆ ಯಾವುದಾದರೂ ಕಾರಿನ ಕೆಳಗಿನಿಂದ ಎರಡು ಕಾಲು ಚಾಚಿಕೊಂಡಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಪೇಪರಿನ ಹುಡುಗ ಸೈಕಲ್ ಸ್ವಲ್ಪ ಓರೆ ಮಾಡಿಕೊಂಡು ಹೋಗುತ್ತಾನೆ. ಹೂವಿನಾಕೆ ಆ ಕಾಲುಗಳನ್ನೇ ಮಾತಾಡಿಸಿ, “ಅಮ್ಮಾವ್ರಿಗೆ ಎರಡು ಮೊಳ ಕೊಟ್ಟಿದೀನಿ ಸ್ವಾಮಿ” ಎಂದು ಲೆಕ್ಕ ಒಪ್ಪಿಸುತ್ತಾಳೆ. ಕಾರಿನ ಕೆಳಗಿನಿಂದ “ಹ್ಞೂಂ” ಎಂದು ಉತ್ತರವೂ ಬರುತ್ತದೆ.

ಆ ಕಾಲುಗಳ ಒಡೆಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಆಧಾರ್ ಕಾರ್ಡಿನಲ್ಲಿದೆ. ಬೀದಿ ಇಟ್ಟ ಹೆಸರು ಬುಷ್ ರಾಯರು. ಚಕ್ರ ಹಿಡಿದ ಕಬ್ಬಿಣದ ತೋಳಿಗೂ ಕಾರಿನ ಮೈಗೂ ನಡುವೆ ಕೂತು, ರಸ್ತೆಯ ಪೆಟ್ಟನ್ನೆಲ್ಲ ತಾನೇ ತಿನ್ನುವ ರಬ್ಬರಿನ ತುಂಡಿಗೆ ಬುಷ್ ಎನ್ನುತ್ತಾರೆ. ಅದು ಸವೆದಾಗ ಬರುವ ‘ಕಟಕಟ’ವನ್ನು ನಿಲ್ಲಿಸುವುದೇ ರಾಯರ ನಿವೃತ್ತ ಜೀವನದ ಗುರಿ, ಅದೂ ಮೆಕ್ಯಾನಿಕ್ಕಿಗೆ ಕಾಸು ಬಿಚ್ಚದೆ.

ಇಂಥವರು ಪಶ್ಚಿಮ ಬೆಂಗಳೂರಿನ ಬಡಾವಣೆಗೊಬ್ಬರು ಸಿಗುತ್ತಾರೆ. ವಿಜಯನಗರದವರು ಮಿಕ್ಸಿ ಬಿಚ್ಚುತ್ತಾರೆ, ಬಸವೇಶ್ವರನಗರದವರು ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹುಯ್ಯುತ್ತಾರೆ, ಕೆಂಗೇರಿಯವರು ಬೋರ್‌ವೆಲ್ ಸ್ಟಾರ್ಟರಿನ ಮುಂದೆ ಟೆಸ್ಟರ್ ಹಿಡಿದು ನಿಂತಿರುತ್ತಾರೆ. ನಮ್ಮ ರಾಯರು ಪೀಣ್ಯದ ಟೂಲ್‌ರೂಮಿನಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಸಾಮಾನು ಮಾಡಿ ರಿಟೈರ್ ಆದವರು. ಹತ್ತು ಮೈಕ್ರಾನ್ ಹೆಚ್ಚುಕಮ್ಮಿಯಾದರೆ ಸಾಮಾನನ್ನು ಸ್ಕ್ರ್ಯಾಪಿಗೆ ಎಸೆಯುತ್ತಿದ್ದ ಕೈಗೆ ಈಗ ಸಿಕ್ಕಿರುವುದು ಕೆಎ 02 ನಂಬರಿನ ಒಂದು ಮಾರುತಿ 800. ಈ ಮಾದರಿಯ ಕಾರು 1983ರ ಡಿಸೆಂಬರಿನಲ್ಲಿ ದೇಶಕ್ಕೆ ಬಂತು. 2010ರಲ್ಲಿ ಬೆಂಗಳೂರಿನಲ್ಲಿ ಮಾರಾಟ ನಿಂತಿತು, 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. “ಕಂಪನಿಯವರು ನಿಲ್ಲಿಸಿದ್ರು, ನಾನೇನು ನಿಲ್ಲಿಸಿಲ್ವಲ್ಲ” ಎನ್ನುತ್ತಾರೆ ರಾಯರು. ತಮ್ಮ ಕಾರಿಗೆ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದಾಗ ಇನ್ಸ್‌ಪೆಕ್ಟರಿಗಿಂತ ಮೊದಲು ತಾವೇ ಕಾರಿನಡಿ ತೂರಿದ್ದರಂತೆ.

ಅವರ ಕಿವಿ ಬಲು ಚುರುಕು. ಕಂಠೀರವ ಸ್ಟುಡಿಯೋ ಕಡೆಯಿಂದ ಬರುವ ಕಾರು ನಮ್ಮ ಕ್ರಾಸಿನ ಹಂಪ್ ಹತ್ತಿಳಿಯುವಷ್ಟರಲ್ಲಿ ತೀರ್ಪು ಹೊರಬೀಳುತ್ತದೆ. ನಿಧಾನಕ್ಕೆ ಹೋಗುವಾಗ ಕಟಕಟ ಎಂದರೆ ಲಿಂಕ್ ರಾಡ್. ಕಿರ್ ಎಂದರೆ ಬುಷ್ ಒಣಗಿದೆ. ಸ್ಟಿಯರಿಂಗ್ ತಿರುಗಿಸಿದಾಗ ಟಣಕ್ ಎಂದರೆ ಸ್ಟ್ರಟ್ ಮೌಂಟ್. ಬರೀ ಗುರ್ ಎನ್ನುತ್ತಿದ್ದರೆ ಅದು ಸಸ್ಪೆನ್ಷನ್ನೇ ಅಲ್ಲ, ವೀಲ್ ಬೇರಿಂಗ್. ನಿಂತ ಕಾರು ಸಿಕ್ಕರೆ ಬಾನೆಟ್ಟಿನ ಮೂಲೆಯನ್ನು ಎರಡೂ ಕೈಯಲ್ಲಿ ಒತ್ತಿ ಬಿಡುತ್ತಾರೆ. ಒಮ್ಮೆ ಎದ್ದು ಸುಮ್ಮನಾದರೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ. ಎರಡು ಮೂರು ಸಲ ತೂಗಿದರೆ ಮುಗಿಯಿತು. ಒಮ್ಮೆ ಮದುವೆ ಮನೆಯ ಪಾರ್ಕಿಂಗಿನಲ್ಲಿ ಬೀಗರ ಕಾರನ್ನು ಹೀಗೆ ಒತ್ತಿ ನೋಡಿದಾಗ, ಅದರ ಅಲಾರಂ ಹೊಡೆದುಕೊಂಡು, ಮುಹೂರ್ತದ ಗಟ್ಟಿಮೇಳಕ್ಕೆ ಇನ್ನೊಂದು ವಾದ್ಯ ಸೇರಿತ್ತು.

ಹಂಪ್ ಕಂಡರೆ ಅವರಿಗೆ ಆಗದು. ಟೇಪ್ ಹಿಡಿದು ಅಳೆದಿದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ ದುಂಡು ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮವಾಗಿ ದಾಟುವಂತಿರಬೇಕು. “ನಮ್ಮದು ನೋಡಿ, ಎತ್ತರ ಬರೋಬ್ಬರಿ, ಅಗಲ ಮಾತ್ರ ಮಣೆಯಷ್ಟು. ಇದು ಹಂಪ್ ಅಲ್ಲ ಸ್ವಾಮಿ, ಹೊಸಿಲು” ಎಂದು ದಾರಿಹೋಕರಿಗೆಲ್ಲ ತೋರಿಸುತ್ತಾರೆ. ಆ ಹೊಸಿಲಿನ ದಯೆಯಿಂದಲೇ ತಮಗೆ ಕೈತುಂಬ ಕೆಲಸ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಅವರ ಖ್ಯಾತಿಗೆ ಕಾರಣ ಸ್ಟೆಬಿಲೈಸರ್ ಬಾರ್ ಬುಷ್ ಪ್ರಕರಣ. 800ರಲ್ಲಿ ಆ ಬಾರ್ ಕಾರು ವಾಲದಂತೆ ತಡೆಯುವುದಷ್ಟೇ ಅಲ್ಲ, ಮುಂದಿನ ಚಕ್ರದ ತೋಳನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದೂ ಇರುತ್ತದೆ. ಬುಷ್ ಸವೆದರೆ ಸದ್ದಿನ ಜೊತೆಗೆ, ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ. ಜೆ.ಸಿ. ರಸ್ತೆಗೆ ಹೋದರೆ ಒರಿಜಿನಲ್ ಬುಷ್ ಸಿಗುತ್ತದೆ. ಆದರೆ ಸಿಗುವ ಸಾಮಾನನ್ನು ಕೊಳ್ಳುವುದರಲ್ಲಿ ಏನು ಹೆಚ್ಚುಗಾರಿಕೆ?

ಮೊದಲು ಮನೆಯ ಹಳೇ ಹವಾಯಿ ಚಪ್ಪಲಿ ಬಲಿಯಾಯಿತು. ವರ್ನಿಯರ್ ಕ್ಯಾಲಿಪರಿನಲ್ಲಿ ಅಟ್ಟೆಯ ದಪ್ಪ ಅಳೆದು, ಹಿಮ್ಮಡಿ ಕಡೆ ಸವೆತ ಜಾಸ್ತಿ ಎಂದು ಬೆರಳಿನ ಕಡೆಯಿಂದಲೇ ಕತ್ತರಿಸಿದರು. ಒಂದು ವಾರ ಕಾರು ಮೌನವ್ರತ ಹಿಡಿಯಿತು. ಚಪ್ಪಲಿಯ ರಬ್ಬರು ಸ್ಪಂಜಿನಂಥದು, ಭಾರಕ್ಕೆ ಅಪ್ಪಚ್ಚಿಯಾಯಿತು, ಕಟಕಟ ಮರಳಿತು. ಆಮೇಲೆ ಲಾರಿ ಟೈರಿನ ತುಂಡು. ಅದನ್ನು ಕೊಯ್ಯಲು ಹೋಗಿ ಅಡುಗೆಮನೆಯ ಈಳಿಗೆಮಣೆ ಬಾಯಿ ಮುರಿದುಕೊಂಡಿತು. ಮನೆಯಾಕೆ, “ರೀ, ನಾಳೆ ಸೊಪ್ಪನ್ನ ನಿಮ್ಮ ಸ್ಪ್ಯಾನರಲ್ಲಿ ಹೆಚ್ಚಲಾ?” ಎಂದರು.

ಮೂರನೆಯ ಪ್ರಯೋಗಕ್ಕೆ ಲಗ್ಗೆರೆಯ ಲೇತ್ ಅಂಗಡಿಯಲ್ಲಿ ನೈಲಾನ್ ಬುಷ್ ತಿರುಗಿಸಿದರು. ಬೋರಿಂಗಿನ ಅಳತೆಗೆ ಲೇತಿನ ಹುಡುಗನನ್ನು ಗೋಳು ಹುಯ್ದುಕೊಂಡು ಮಧ್ಯಾಹ್ನದ ಊಟಕ್ಕೂ ಬಿಡಲಿಲ್ಲ. ಸಾಮಾನೇನೋ ಅದ್ಭುತವಾಗಿ ಕೂತಿತು, ಸದ್ದೂ ನಿಂತಿತು. ಆದರೆ ನೈಲಾನಿಗೆ ರಬ್ಬರಿನ ಕರುಣೆ ಇಲ್ಲ. ರಬ್ಬರು ತನ್ನ ಮೈ ತಿರುಚಿಕೊಂಡು ಅದುರಾಟವನ್ನು ನುಂಗುತ್ತದೆ; ಗಟ್ಟಿ ನೈಲಾನ್ ಅದನ್ನು ಹಾಗೇ ಸೀಟಿಗೆ ದಾಟಿಸುತ್ತದೆ. ನಾಣ್ಯದ ಮೇಲೆ ಚಕ್ರ ಹತ್ತಿದರೆ ಒಂದು ರೂಪಾಯೋ ಎರಡು ರೂಪಾಯೋ ಎಂದು ಬೆನ್ನುಮೂಳೆಗೆ ತಿಳಿಯುತ್ತಿತ್ತು. ಮಹಾಲಕ್ಷ್ಮಿ ಲೇಔಟಿನ ಆಂಜನೇಯನ ಗುಡಿಗೆ ಹೋಗಿಬಂದ ಮನೆಯಾಕೆ, ಇನ್ನು ಮೇಲೆ ಆಟೋನೇ ವಾಸಿ ಎಂದುಬಿಟ್ಟರು.

ಕೊನೆಗೆ ರಾಯರು ಜೆ.ಸಿ. ರಸ್ತೆಗೆ ಹೋದರು. ಅಂಗಡಿಯ ಹುಡುಗ ಕೇಳಿದ: “ಒರಿಜಿನಲ್ ಕೊಡ್ಲಾ, ಲೋಕಲ್ ಕೊಡ್ಲಾ ಸಾರ್?”

“ಒರಿಜಿನಲ್ ಕೊಡಪ್ಪಾ, ರೇಟು ಲೋಕಲ್‌ದು ಹಾಕು.”

ಹುಡುಗ ನಕ್ಕ, ರೇಟು ಮಾತ್ರ ಇಳಿಸಲಿಲ್ಲ. ಬುಷ್ಷಿನ ಬೆಲೆ ಹೊಸ ಈಳಿಗೆಮಣೆಯ ಬೆಲೆಗಿಂತ ಕಡಿಮೆಯೇ ಇತ್ತು.

ಆ ಬುಷ್ ಹಾಕುವುದನ್ನು ನೋಡಬೇಕಿತ್ತು. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರು. ಹೊಸ ರಬ್ಬರಿಗೆ ಸವರಲು ನಾನು ಗ್ರೀಸ್ ಡಬ್ಬಿ ಚಾಚಿದರೆ ಕೈ ತಳ್ಳಿದರು. “ಗ್ರೀಸು, ಎಂಜಿನ್ ಆಯಿಲ್ಲು ಎರಡೂ ರಬ್ಬರಿಗೆ ವಿಷ. ಊದಿಕೊಂಡು ಮೆತ್ತಗಾಗಿಬಿಡುತ್ತೆ.” ಮನೆಯೊಳಗಿಂದ ಬಂದದ್ದು ಹರಳೆಣ್ಣೆ ಸೀಸೆ. ಹಿಂದಿನ ಕಾಲದಲ್ಲಿ ಬ್ರೇಕ್ ಆಯಿಲನ್ನೇ ಹರಳೆಣ್ಣೆಯಿಂದ ಮಾಡುತ್ತಿದ್ದರು. ಮರದ ಹಾಲಿನಿಂದ ಬಂದ ರಬ್ಬರಿಗೆ ಅದು ಕೆಡುಕು ಮಾಡುವುದಿಲ್ಲ. ಬೋಲ್ಟನ್ನು ಮೊದಲು ಕೈಯಲ್ಲಷ್ಟೇ ಬಿಗಿದು, ಕಾರನ್ನು ಜಾಕಿನಿಂದ ಇಳಿಸಿ, ನಾಲ್ಕು ಚಕ್ರದ ಮೇಲೆ ಭಾರ ಕೂತ ಮೇಲೆ ಸ್ಪ್ಯಾನರ್ ಹಾಕಿದರು. ಚಕ್ರ ನೇತಾಡುವಾಗಲೇ ಬಿಗಿದರೆ, ಕಾರು ಕೆಳಗಿಳಿದಾಗ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅನೇಕ ಗ್ಯಾರೇಜಿನವರು ಅವಸರದಲ್ಲಿ ಬಿಡುವ ಹೆಜ್ಜೆ ಇದು.

ಕಾರು ಹೊರಟಿತು. ಹಂಪ್ ಹತ್ತಿತು. ಕಟಕಟ!

ರಾಯರ ಮುಖ ಇಳಿಯಿತು. ಗೇಟಿನ ಬಳಿ ನಿಂತಿದ್ದ ಮನೆಯಾಕೆ ಬಂದು, ಡಿಕ್ಕಿ ತೆಗೆದು, ಸಡಿಲವಾಗಿ ಬಿದ್ದಿದ್ದ ಜಾಕಿನ ಹ್ಯಾಂಡಲನ್ನು ಕೈಗಿತ್ತು ಒಳಗೆ ಹೋದರು. ಅಂದಿನಿಂದ ರಾಯರ ತಪಾಸಣೆ ಡಿಕ್ಕಿ ಖಾಲಿ ಮಾಡುವುದರಿಂದ ಶುರುವಾಗುತ್ತದೆ. ಎದುರುಮನೆಯ ಸಾಫ್ಟ್‌ವೇರ್ ಹುಡುಗನಿಗೆ ಒಂದು ಸರ್ವಿಸ್ ಸೆಂಟರಿನವರು ತೋಳು, ಬುಷ್, ಬಾಲ್ ಜಾಯಿಂಟ್ ಎಲ್ಲ ಸೇರಿಸಿ ದೊಡ್ಡ ಎಸ್ಟಿಮೇಟು ಬರೆದುಕೊಟ್ಟಾಗ, ರಾಯರು ಡಿಕ್ಕಿಯಿಂದ ಎರಡು ಡಂಬೆಲ್ಸ್ ಇಳಿಸಿ, ಒಂದು ಲಿಂಕ್ ರಾಡ್ ಬದಲಿಸಿ ಕೇಸು ಮುಗಿಸಿದರು. ಫೀಸು, ಒಂದು ಲೋಟ ಕಾಫಿ.

ಇಷ್ಟು ಜಿಪುಣರಾದ ರಾಯರಿಗೂ ಕೆಲವು ಕಟ್ಟಳೆಗಳಿವೆ. “ಜಾಕು ಎತ್ತೋದಕ್ಕೆ, ಹೊರೋದಕ್ಕಲ್ಲ” ಎಂದು ಸ್ಟ್ಯಾಂಡ್ ಕೊಡದೆ, ಜೊತೆಗೆ ಸ್ಟೆಪ್ನಿಯನ್ನೂ ಅಡಿಗೆ ತಳ್ಳದೆ ಒಳಗೆ ತೂರುವುದಿಲ್ಲ. ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಬಾಲ್ ಜಾಯಿಂಟಿನಲ್ಲಿ ಆಟ ಕಂಡರೆ ಅಲ್ಲಿಗೆ ಪ್ರಯೋಗ ಬಂದ್, ಹೊಸದೇ ಆಗಬೇಕು. ಅದು ಕಳಚಿದರೆ ಚಕ್ರ ಮಗುಚುತ್ತದೆ. ಸ್ಟ್ರಟ್ಟಿನ ಕಾಯಿಲ್ ಸ್ಪ್ರಿಂಗ್ ಬಿಚ್ಚುವ ಕೆಲಸ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೇ ಹೋಗುತ್ತದೆ. ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಸಂಚಕಾರ.

ಉಳಿತಾಯಕ್ಕೊಂದು ಡೈರಿ ಇದೆ. ಮೆಕ್ಯಾನಿಕ್ ಹೇಳಿದ ರೇಟಿನಲ್ಲಿ ತಮ್ಮ ಖರ್ಚು ಕಳೆದು ಬರೆಯುತ್ತಾರೆ. ಜೆ.ಸಿ. ರಸ್ತೆಯ ಪೆಟ್ರೋಲು, ಮಸಾಲೆ ದೋಸೆ, ವೀಲ್ ಅಲೈನ್‌ಮೆಂಟು, ಈಳಿಗೆಮಣೆ ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. “ಈ ಡೈರಿ ಪ್ರಕಾರ ಇಷ್ಟೊತ್ತಿಗೆ ನಾವು ಹೊಸ ಕಾರು ತೊಗೊಂಡಿರಬೇಕಿತ್ತು ಕಣ್ರೀ” ಎನ್ನುತ್ತಾರೆ ಮನೆಯಾಕೆ. ಆಯುಧಪೂಜೆಯ ದಿನ ರಾಯರು ಕಾರಿಗೆ ಒಂದು ಎಳೆ ಹೂವು ಹಾಕಿ, ಹತ್ತು–ಹನ್ನೊಂದರಿಂದ ಹದಿನೇಳು–ಹತ್ತೊಂಬತ್ತರವರೆಗಿನ ಸ್ಪ್ಯಾನರುಗಳಿಗೆ ಬಿಡಿಬಿಡಿಯಾಗಿ ಕುಂಕುಮ ಇಡುತ್ತಾರೆ.

ನಿಮ್ಮ ಬೀದಿಯಲ್ಲೂ ಇಂಥ ರಾಯರೊಬ್ಬರು ಇದ್ದೇ ಇರುತ್ತಾರೆ. ನಿಮ್ಮ ಕಾರು ಕಟಕಟ ಎಂದರೆ ಎಸ್ಟಿಮೇಟಿಗೆ ಸಹಿ ಹಾಕುವ ಮೊದಲು ಅವರಿಗೊಂದು ಕಾಫಿ ಕೊಟ್ಟು ಕೇಳಿ. ಅವರು ಕೂಲಿಯಲ್ಲಿ ಉಳಿಸಿಕೊಡುವುದನ್ನು ಧಾರಾಳವಾಗಿ ಉಳಿಸಿಕೊಳ್ಳಿ. ಸಾಮಾನಿನಲ್ಲಿ ಉಳಿಸುತ್ತೇನೆಂದು ಹೊರಟರೆ, ಮನೆಯವರ ಚಪ್ಪಲಿಗಳನ್ನು ಮೊದಲು ಎತ್ತಿಡಿ.