ಹಿಮಕಂದುಕ ಮೀಮಾಂಸೆ

ಅಥ ರಜಾವಿಚಾರಃ.

ಒಂದೇ ಕಣಿವೆಯಲ್ಲಿ, ಒಂದೇ ರಜೆಯಲ್ಲಿ, ಒಬ್ಬನೇ ಗೃಹಸ್ಥ ಬೆಳಿಗ್ಗೆ ಸ್ಕೀ ಮೇಲೆ ಜಾರಿ ಮಧ್ಯಾಹ್ನ ಗಾಲ್ಫ್ ಆಡಬಹುದೇ? ಆಡಬಹುದಾದರೆ ಯಾವ ಮಾಸದಲ್ಲಿ? ಆ ಖರ್ಚನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಮೂರನೆಯ ಪ್ರಶ್ನೆ ಲೆಕ್ಕಪರಿಶೋಧಕರ ಶಾಸ್ತ್ರಕ್ಕೆ ಸೇರಿದ್ದು, ಅದನ್ನು ಅವರಿಗೇ ಬಿಟ್ಟಿದ್ದೇನೆ. ಉಳಿದೆರಡನ್ನು ಪೂರ್ವಸೂರಿಗಳು ಯಾರೂ ಮುಟ್ಟಿಲ್ಲ. ಅವರಿಗೆ ಬೇರೆ ಕೆಲಸವಿತ್ತು.

ಮೊದಲು ಕ್ಷೇತ್ರನಿರ್ದೇಶ. ಜಪಾನಿನ ನಾಗಾನೊ ಪ್ರಾಂತ್ಯದ ಹಕುಬಾ ಕಣಿವೆಯೇ ನಮ್ಮ ಕ್ಷೇತ್ರ. ಪಡುವಣಕ್ಕೆ ಗೋಡೆ ಕಟ್ಟಿದಂತೆ ನಿಂತಿರುವುದು ಹಿದಾ ಪರ್ವತಶ್ರೇಣಿ, ಅದರಲ್ಲಿ 2,932 ಮೀಟರ್ ಎತ್ತರದ ಶಿರೋಉಮಾ ಶಿಖರ. ಈ ಬೆಟ್ಟಗಳಿಗೆ 'ಜಪಾನಿನ ಆಲ್ಪ್ಸ್' ಎಂದು ನಾಮಕರಣ ಮಾಡಿದವರು ಇಂಗ್ಲಿಷರು. ಕಂಡ ಬೆಟ್ಟಕ್ಕೆಲ್ಲ ತಮ್ಮ ಕಡೆಯ ಹೆಸರಿಡುವ ಅವರ ಚಟ ನೀಲಗಿರಿಯನ್ನು ಬಲ್ಲವರಿಗೆ ಹೊಸದಲ್ಲ.

ಇನ್ನು ಹಿಮದ ಉತ್ಪತ್ತಿ. ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಟ ಒಣಗಾಳಿ ಜಪಾನ್ ಸಮುದ್ರ ದಾಟುವಾಗ ಅಲ್ಲಿಯ ಬೆಚ್ಚನೆಯ ಪ್ರವಾಹದಿಂದ ತೇವ ಹೀರಿ, ಬೆಟ್ಟಕ್ಕೆ ಹಣೆ ಚಚ್ಚಿಕೊಂಡು, ಹೊತ್ತದ್ದನ್ನೆಲ್ಲ ಹಿಮವಾಗಿ ಅಲ್ಲೇ ಇಳಿಸುತ್ತದೆ. ಆಗುಂಬೆಯ ಮಳೆಗೂ ಹಕುಬಾದ ಹಿಮಕ್ಕೂ ಗೋತ್ರ ಒಂದೇ, ಸೂತ್ರ ಮಾತ್ರ ಬೇರೆ. ಬೆಟ್ಟದಾಚೆಯ ಟೋಕಿಯೊಗೆ ಆ ಹೊತ್ತಿಗೆ ನಮ್ಮ ಚಿತ್ರದುರ್ಗದ ಪಾಡು: ಆಕಾಶ ನೀಲಿ, ಗಾಳಿ ಒಣ. ಹಿಮ ಎಷ್ಟು ಬೀಳುತ್ತದೆ ಎಂಬುದಕ್ಕೆ 1998ರ ನಾಗಾನೊ ಒಲಿಂಪಿಕ್ಸೇ ಪ್ರಮಾಣ. ಹಕುಬಾದ ಹಪ್ಪೊಒನೆ ಇಳಿಜಾರಿನಲ್ಲಿ ನಡೆಯಬೇಕಿದ್ದ ಪುರುಷರ ಡೌನ್‌ಹಿಲ್ ಸ್ಪರ್ಧೆ ಹಿಮ, ಮಂಜು, ಗಾಳಿಗಳ ಕಾಟದಿಂದ ದಿನದಿನ ಮುಂದೂಡಿಸಿಕೊಂಡು ಕೊನೆಗೆ ಫೆಬ್ರವರಿ 13ಕ್ಕೆ ನಡೆಯಿತು. ಅಂದು ಆಸ್ಟ್ರಿಯಾದ ಹೆರ್ಮನ್ ಮಾಯರ್ ಗಾಳಿಗೆ ಹಾರಿ, ತಲೆಕೆಳಗಾಗಿ, ಬೇಲಿ ಮುರಿದುಕೊಂಡು ಬಿದ್ದರು. ಮೂರು ದಿನ ಬಿಟ್ಟು ಅದೇ ಬೆಟ್ಟದಲ್ಲಿ ಸೂಪರ್-ಜಿ ಸ್ಪರ್ಧೆಯ ಚಿನ್ನ ಗೆದ್ದರು. ಈ ಉದಾಹರಣೆಯನ್ನು ಐವತ್ತು ದಾಟಿದವರು ಅನುಕರಿಸತಕ್ಕದ್ದಲ್ಲ.

ಈಗ ವಿಷಯದ ಹೃದಯ. ಸ್ಕೀಗೆ ಹಿಮದ ಭಾವ ಬೇಕು, ಗಾಲ್ಫಿಗೆ ಹಿಮದ ಅಭಾವ ಬೇಕು. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ಒಡೆದಿದ್ದಾರೆ. ಗಾಲ್ಫ್ ಆಡುವವರು ಬರುವರೆಂದು ಅವರಿಗೆ ಮೊದಲೇ ತಿಳಿದಿತ್ತೋ ಏನೋ! ನವೆಂಬರಿನಲ್ಲಿ ಹಕುಬಾದ ಹುಲ್ಲುಗಾವಲಿನ ಮೇಲೆ ಇರುವುದು ಹಿಮದ ಪ್ರಾಗಭಾವ, ಅಂದರೆ ಇನ್ನೂ ಬಂದಿಲ್ಲ. ಮೇ ತಿಂಗಳಲ್ಲಿ ಇರುವುದು ಪ್ರಧ್ವಂಸಾಭಾವ, ಅಂದರೆ ಬಂದು ಕರಗಿ ಹೋಗಿದೆ. ಬೆಂಗಳೂರಿನಲ್ಲಿ ಅತ್ಯಂತಾಭಾವ, ಅದಕ್ಕೆ ವ್ಯಾಖ್ಯಾನ ಬೇಡ. ನಾಲ್ಕನೆಯದು ಅನ್ಯೋನ್ಯಾಭಾವ: ಸ್ಕೀ ಗಾಲ್ಫ್ ಅಲ್ಲ, ಗಾಲ್ಫ್ ಸ್ಕೀ ಅಲ್ಲ. ಸಂಶಯವಿದ್ದವರು ಸ್ಕೀ ಬೂಟು ತೊಟ್ಟು ಗಾಲ್ಫ್ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಡಲಿ. ಮೈದಾನದವರು ಓಡಿ ಬಂದು ಸಂಶಯ ನಿವಾರಿಸುತ್ತಾರೆ.

ಇಲ್ಲಿ ಪೂರ್ವಪಕ್ಷ ಎದ್ದು ನಿಲ್ಲುತ್ತದೆ. ಅದನ್ನು ಎತ್ತಿದವರು ನಮ್ಮ ಷಡ್ಡಕರು. 1876ರಲ್ಲೇ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಆಟವನ್ನು ಬಹುಕಾಲ ಬೇಲಿಯ ಹೊರಗಿನಿಂದ ಅಭ್ಯಾಸ ಮಾಡಿದ ವಿದ್ವಾಂಸರು. "ಜಪಾನಿಗೆ ಗಾಲ್ಫ್ ಬಂದದ್ದೇ 1901ರಲ್ಲಿ, ಕೋಬೆ ಹತ್ತಿರದ ರೊಕ್ಕೊ ಬೆಟ್ಟದಲ್ಲಿ ಆರ್ಥರ್ ಗ್ರೂಮ್ ಅನ್ನೋ ಇಂಗ್ಲಿಷ್ ವ್ಯಾಪಾರಿ ನಾಲ್ಕು ಕುಳಿ ತೋಡಿಸಿದ ಮೇಲೆ. ಸ್ಕೀ ಕಲಿತದ್ದು 1911ರಲ್ಲಿ, ಆಸ್ಟ್ರಿಯಾದ ಸೇನಾಧಿಕಾರಿ ಥಿಯೊಡೊರ್ ಫಾನ್ ಲೆರ್ಕ್ ಒಂದೇ ಕೋಲು ಹಿಡ್ಕೊಂಡು ಹೇಳಿಕೊಟ್ಟಾಗ. ಎರಡರಲ್ಲೂ ಅವರು ನಮಗಿಂತ ಕಿರಿಯರು ಕಣ್ರೀ" ಎಂದರು. ನಾವು ಸ್ಕೀ ಕಲಿತದ್ದು ಯಾವಾಗ ಎಂದು ಕೇಳಿದೆ. ಅದು ಅಪ್ರಸ್ತುತ ಎಂದು ತಳ್ಳಿಹಾಕಿ ಮುಂದುವರಿದರು: "ಅಭಾವಕ್ಕೆ ಯಾಕೆ ಕಾಯಬೇಕು? ಹಿಮದ ಮೇಲೇ ಗಾಲ್ಫ್ ಆಡಿದರಾಯ್ತು. ಚೆಂಡಿಗೆ ಕೆಂಪು ಬಣ್ಣ ಬಳಿದರೆ ಮುಗೀತು."

ಪೂರ್ವಪಕ್ಷ ಬಲವಾದದ್ದೇ. ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ 1890ರ ದಶಕದಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಇದನ್ನೇ ಮಾಡಿದ್ದರು: ಚೆಂಡಿಗೆ ಕೆಂಪು ಬಳಿದು, ಹಿಮದಲ್ಲಿ ಕುಳಿ ತೋಡಿ ಆಡಿದ್ದರು. ಆದರೆ ಖಂಡನೆಯೂ ಅಲ್ಲೇ ಇದೆ. ಗಟ್ಟಿಯಾದ ಹಿಮದ ಮೇಲೆ ಹೊಡೆದ ಚೆಂಡು ನದಿಯ ಕಡೆಗೆ ಎರಡು ಮೈಲಿ ಜಾರಿಹೋಗಬಹುದಿತ್ತಂತೆ. ಹಪ್ಪೊಒನೆಯ ನೆತ್ತಿಗೂ ಪಾದಕ್ಕೂ 1,071 ಮೀಟರ್ ಎತ್ತರದ ಅಂತರ. ಅಲ್ಲಿಂದ ಹೊಡೆದ ಚೆಂಡು ಮುಂದಿನ ರೈಲು ನಿಲ್ದಾಣದಲ್ಲಿ ಇಳಿದುಕೊಳ್ಳುತ್ತದೆ. ಇತಿ ಷಡ್ಡಕಮತನಿರಾಸಃ.

ಹಾಗಾದರೆ ಸ್ಕೀ-ಗಾಲ್ಫ್ ಜೋಡಿಯನ್ನು ಕೂಡಿಸಿದವರು ಯಾರು? ಪ್ರಕೃತಿ ಅಲ್ಲ, ಹೋಟೆಲಿನ ಜಮಾಖರ್ಚು. ಹಿಮದೂರಿನ ಹೋಟೆಲು ಬೇಸಿಗೆಯಲ್ಲಿ ಖಾಲಿ. ಖಾಲಿ ಕೋಣೆಯೂ ಒಂದು ಅಭಾವ, ಆದರೆ ಬಡ್ಡಿ ಬೆಳೆಯುವ ಅಭಾವ. ಆದ್ದರಿಂದ ಬೆಟ್ಟದ ಬುಡದಲ್ಲೊಂದು ಗಾಲ್ಫ್ ಮೈದಾನ. 1987ರಲ್ಲಿ ಜಪಾನ್ ಸರ್ಕಾರ ರೆಸಾರ್ಟ್ ಕಾಯಿದೆ ತಂದಾಗ ಊರೂರಿನ ಯೋಜನೆಗಳಲ್ಲೂ ಇವೇ ಬಂದವು: ಬೆಟ್ಟವಿದ್ದರೆ ಸ್ಕೀ, ಬಯಲಿದ್ದರೆ ಗಾಲ್ಫ್, ಕಡಲಿದ್ದರೆ ದೋಣಿಕಟ್ಟೆ. ಆ ಕಾಲದಲ್ಲಿ ಗಾಲ್ಫ್ ಕ್ಲಬ್ಬಿನ ಸದಸ್ಯತ್ವಗಳು ಷೇರುಗಳಂತೆ ಕೈಯಿಂದ ಕೈಗೆ ಮಾರಾಟವಾಗುತ್ತಿದ್ದವು. ಆಟ ಬಾರದವರೂ ಕೊಳ್ಳುತ್ತಿದ್ದರು. ಆರ್ಥಿಕ ಗುಳ್ಳೆ ಒಡೆದ ಮೇಲೆ ಎಷ್ಟೋ ಸ್ಕೀ ಬೆಟ್ಟಗಳ ಲಿಫ್ಟುಗಳು ನಿಂತೇ ಹೋದವು. ಹಕುಬಾ ಉಳಿದದ್ದಕ್ಕೆ ಹಿಮದ ಜೊತೆಗೆ ತಮ್ಮ ಬೇಸಿಗೆ ಬಿಟ್ಟು ಇಲ್ಲಿಯ ಚಳಿಗಾಲಕ್ಕೆ ಓಡಿಬರುವ ಆಸ್ಟ್ರೇಲಿಯನ್ನರೂ ಕಾರಣ.

ಖಾಲಿತನದ ಇನ್ನೊಂದು ಫಲವನ್ನು ಹೇಳದೆ ಶಾಸ್ತ್ರ ಪೂರ್ಣವಾಗದು. ನಾಗಾನೊ ಸೇಬಿನ ಸೀಮೆ. ಸೇಬಿನ ಸುಗ್ಗಿ ಮುಗಿದ ಮೇಲೆ ಚಳಿಗಾಲದಲ್ಲಿ ಯಮಾತೊ ಸಾರಿಗೆ ಸಂಸ್ಥೆಯ ಲಾರಿಗಳಿಗೆ ಹೊರೆ ಕಡಿಮೆ. ಅತ್ತ ಸ್ಕೀ ಹೊತ್ತು ರೈಲಿನಲ್ಲಿ ಒದ್ದಾಡುವ ಜನ. ಎರಡನ್ನೂ ಜೋಡಿಸಿ 1983ರಲ್ಲಿ ಸ್ಕೀ ತಕ್ಯುಬಿನ್ ಎಂಬ ಸಾಗಣೆ ಸೇವೆ ಹುಟ್ಟಿತು, ಮರುವರ್ಷವೇ ಗಾಲ್ಫ್ ತಕ್ಯುಬಿನ್. ಸಾಮಾನು ಮುಂಚೆಯೇ ಹೋಟೆಲು ಸೇರುತ್ತದೆ, ಒಡೆಯ ಕೈಬೀಸಿಕೊಂಡು ಹಿಂದಿನಿಂದ ಬರುತ್ತಾನೆ. ನನ್ನ ಮತದಲ್ಲಿ ಜಪಾನಿನಲ್ಲಿ ಸ್ಕೀಯನ್ನೂ ಗಾಲ್ಫನ್ನೂ ನಿಜಕ್ಕೂ ಏಕಕಾಲಕ್ಕೆ ಸಾಧಿಸಿದವನು ಈ ಲಾರಿಯ ಚಾಲಕನೊಬ್ಬನೇ.

ಗಾಲ್ಫಿನ ಕರ್ಮಸಿದ್ಧಾಂತವನ್ನೂ ನೋಡೋಣ. ಒಂದೇ ಹೊಡೆತಕ್ಕೆ ಚೆಂಡು ಕುಳಿಗೆ ಬಿದ್ದರೆ ಬೇರೆಡೆ ಅದು ಪುಣ್ಯಫಲ, ಜಪಾನಿನಲ್ಲಿ ದಂಡ. ಹೊಡೆದವನೇ ಗೆಳೆಯರಿಗೆ ಊಟ ಹಾಕಬೇಕು, ಉಡುಗೊರೆ ಹಂಚಬೇಕು, ಕ್ಯಾಡಿಗೆ ಕೈತುಂಬ ಕೊಡಬೇಕು, ನೆನಪಿಗೆ ಒಂದು ಗಿಡವನ್ನೂ ನೆಡಬೇಕಾದೀತು. ಈ ವಿಪತ್ತಿಗೆಂದೇ ಅಲ್ಲಿ ವಿಮೆ ಮಾರಲಾಗುತ್ತದೆ. ದುರದೃಷ್ಟಕ್ಕೆ ವಿಮೆ ಮಾಡಿಸುವ ಜನರನ್ನು ಲೋಕ ಕಂಡಿದೆ. ಅದೃಷ್ಟಕ್ಕೆ ಹೆದರಿ ಕಂತು ಕಟ್ಟುವವರು ಇವರು. ಇದರ ಮೇಲೆ ಸರ್ಕಾರ ಗಾಲ್ಫ್ ಆಡಿದ್ದಕ್ಕೆ ಒಂದು ತೆರಿಗೆ, ಬಿಸಿನೀರಬುಗ್ಗೆಯಲ್ಲಿ ಮಿಂದದ್ದಕ್ಕೆ ಇನ್ನೊಂದು ತೆರಿಗೆ ವಸೂಲು ಮಾಡುತ್ತದೆ. 70 ತುಂಬಿದವರಿಗೆ ಗಾಲ್ಫ್ ತೆರಿಗೆ ಮಾಫಿ. ಅಷ್ಟು ವರ್ಷ ಕಾಯುವ ತಾಳ್ಮೆ ಇದ್ದವರು ಈ ಪ್ರಬಂಧವನ್ನು ಎತ್ತಿಟ್ಟುಕೊಳ್ಳಬಹುದು.

ಆಹಾರಪ್ರಕರಣ ಚಿಕ್ಕದು. ಬಕ್‌ವೀಟ್ ಹಿಟ್ಟಿನಿಂದ ಮಾಡಿದ ಸೋಬಾ ಶಾವಿಗೆಗೆ ಈ ಸೀಮೆ ಹೆಸರುವಾಸಿ. ಶಾವಿಗೆ ಸಸ್ಯಾಹಾರ, ಅದನ್ನು ಅದ್ದುವ ಸಾರು ಮೀನಿನದು. ಒಳಗೆ ಸೊಪ್ಪೋ ಕುಂಬಳವೋ ತುಂಬಿದ ಒಯಾಕಿ ಎಂಬ ಉಂಡೆಯಿದೆ. ಅದರ ಹೂರಣವನ್ನೂ ವಿಚಾರಿಸಿಯೇ ತಿನ್ನುವುದು ಕ್ಷೇಮ.

ಈಗ ಸಿದ್ಧಾಂತ. ಮೇಲೆ ಹಿಮದ ಭಾವ, ಕೆಳಗೆ ಅಭಾವ, ಎರಡೂ ಒಟ್ಟಿಗೆ ಇರುವ ಸಂಧಿಕಾಲ ವರ್ಷಕ್ಕೊಮ್ಮೆ ಬರುತ್ತದೆ: ಏಪ್ರಿಲ್ ಕೊನೆ, ಮೇ ಮೊದಲು. ಇದನ್ನು ಕಂಡುಹಿಡಿದವರು ಗಾಲ್ಫಿನವರಲ್ಲ, ಅಲ್ಲಿಯ ರೈತರು. ವಸಂತದಲ್ಲಿ ಹಿಮ ಕರಗುತ್ತ ಬಂದಂತೆ ಶಿರೋಉಮಾ ಬೆಟ್ಟದ ಮೈಮೇಲೆ ಬರಿಬಂಡೆಯ ಕಪ್ಪು ಕುದುರೆಯೊಂದು ಮೂಡುತ್ತದೆ. ಅದನ್ನು ನೋಡಿ ಅವರು ಗದ್ದೆ ಕೆಸರು ಮಾಡಲು ಇಳಿಯುತ್ತಿದ್ದರು. ಆ ದಿನಗಳಲ್ಲಿ ಎತ್ತರದ ಇಳಿಜಾರುಗಳಲ್ಲಿ ಇನ್ನೂ ಸ್ಕೀ ನಡೆದಿರುತ್ತದೆ, ಕಣಿವೆಯಲ್ಲಿ ಚೆರ್ರಿ ಅರಳಿರುತ್ತದೆ, ತಗ್ಗಿನ ಮೈದಾನಗಳಲ್ಲಿ ಹುಲ್ಲು ಕಾಣತೊಡಗಿರುತ್ತದೆ. ಆದ್ದರಿಂದ ಸ್ಕೀ-ಗಾಲ್ಫ್ ರಜೆ ಸಾಧ್ಯ. ಆದರೆ ಇದೇ ವಾರ ಏಪ್ರಿಲ್ 29ರಿಂದ ಮೇ 5ರವರೆಗೆ ನಾಲ್ಕು ರಾಷ್ಟ್ರೀಯ ರಜೆಗಳು ಒತ್ತಾಗಿ ಬಂದು ಇಡೀ ಜಪಾನ್ ಪ್ರವಾಸ ಹೊರಡುತ್ತದೆ. ಹಿಮವೂ ಹುಲ್ಲೂ ಸಿಗುವ ಆ ವಾರದಲ್ಲಿ ಅಭಾವವಾಗುವುದು ಸೀಟು.

ಜಿಜ್ಞಾಸುಗಳಿಗೆ ಒಂದೇ ಸೂಚನೆ. ಶಿಂಕಾನ್ಸೆನ್ ರೈಲಿನ ಕಾದಿರಿಸಿದ ಸೀಟುಗಳ ಮಾರಾಟ ಪ್ರಯಾಣಕ್ಕೆ ಒಂದು ತಿಂಗಳು ಮುಂಚೆ, ಜಪಾನಿನ ಬೆಳಿಗ್ಗೆ 10 ಗಂಟೆಗೆ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಆಗ ಆರೂವರೆ. ಅಲಾರಂ ಇಟ್ಟುಕೊಳ್ಳಿ.