ಸಮಿತಿ ಕಾಕಾ

ಯಾದಗಿರಿ, ಶಹಾಪುರ, ಸುರಪುರ, ಯಾವ ತಹಶೀಲ್ ಕಚೇರಿ ಮುಂದೆ ಹೋದರೂ ಒಬ್ಬ ಸಮಿತಿ ಕಾಕಾ ಸಿಗುತ್ತಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಫೈಲು. ಫೈಲಿನೊಳಗೆ ಜನರ ದೂರುಗಳಿವೆ ಅಂದುಕೊಳ್ಳಬೇಡಿ, ಇರುವುದು ಶಿಫಾರಸು ಪತ್ರದ ಜೆರಾಕ್ಸ್. ನ್ಯಾಯಬೆಲೆ ಅಂಗಡಿಯ ಜಾಗೃತಿ ಸಮಿತಿಯೋ, ಕೆಡಿಪಿಯೋ, ಸರ್ಕಾರದ ಕೆಲಸದ ಮೇಲೆ ಕಣ್ಣಿಡುವ ಒಂದಿಲ್ಲೊಂದು ಸಮಿತಿಗೆ ಆತ ನಾಮನಿರ್ದೇಶಿತ ಸದಸ್ಯ. ಕಣ್ಣಿಡುತ್ತಾನೆ, ಸುಳ್ಳಲ್ಲ. ಹಿಂದಿನ ಸರ್ಕಾರದ ಮೇಲೆ.

ಸುರಪುರದ ಕಾಕಾನ ಪಾಡು ಬೇರೆ. ಅಲ್ಲಿ 2013, 2018, 2023ರಲ್ಲಿ ಸಾಲಾಗಿ ಶಾಸಕರು ಬದಲಾದರು. ಒಮ್ಮೆ ರಾಜಾ ವೆಂಕಟಪ್ಪ ನಾಯಕ, ಒಮ್ಮೆ ರಾಜೂಗೌಡ, ಮತ್ತೆ ನಾಯಕರು. ಹಾಗಾಗಿ ಕಾಕಾ ಕೊನೆಯ ಸುತ್ತಿನ ಎಣಿಕೆ ಮುಗಿಯುವ ತನಕ ಹೆಗಲಿಗೆ ಶಲ್ಯ ಹಾಕುವುದಿಲ್ಲ. ಲೆಟರ್‌ಹೆಡ್ಡಿನಲ್ಲಿ 'ಸದಸ್ಯರು' ಎಂದಷ್ಟೇ ಅಚ್ಚು ಹಾಕಿಸಿ, ಸಮಿತಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾನೆ.

2024ರಲ್ಲಿ ತಾಲ್ಲೂಕಿಗೊಂದು ಗ್ಯಾರಂಟಿ ಅನುಷ್ಠಾನ ಸಮಿತಿ ಬಂತು. ಪಕ್ಷದ ಕಾರ್ಯಕರ್ತರಿಗೆ ಸರ್ಕಾರದ ದುಡ್ಡಲ್ಲಿ ಗೌರವಧನವೇ ಎಂದು 2025ರ ಮಾರ್ಚಿನಲ್ಲಿ ವಿರೋಧ ಪಕ್ಷದವರು ಸದನದಲ್ಲಿ ಗದ್ದಲ ಎಬ್ಬಿಸಿದಾಗ ಕಾಕಾನಿಗೆ ಎಲ್ಲಿಲ್ಲದ ಸಿಟ್ಟು. "ಅವರ ಸರ್ಕಾರ ಇದ್ದಾಗ ಸಮಿತಿ ತುಂಬ ಅವರ ಮಂದೀನೇ ಇರ್ಲಿಲ್ಲೇನ್ರಿ?" ಇದ್ದರು. ಕಾಕಾನೂ ಇದ್ದ.

ನೇಮಕದ ರೀತಿ ಸರಿಯೇ ಎಂದು ಕೇಳಿದರೆ ಆತ ಸೀದಾ ಬೆಂಗಳೂರಿಗೆ ಹೋಗುತ್ತಾನೆ. "ಲೋಕಾಯುಕ್ತರನ್ನ ನೇಮಿಸ್ಬೇಕಂದ್ರ ಮುಖ್ಯಮಂತ್ರಿ ಐದು ಮಂದೀನ್ನ ಕೇಳ್ಬೇಕ್ರಿ. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಸ್ಪೀಕರ್, ಸಭಾಪತಿ, ಎರಡೂ ಮನಿ ವಿರೋಧ ಪಕ್ಷದ ನಾಯಕ್ರು. ಆದ್ರೂ ಏನಾತು? 2011ರಾಗ ಶಿವರಾಜ ಪಾಟೀಲ್ರು ರಾಜೀನಾಮೆ ಕೊಟ್ಟ್ರು. ಸರ್ಕಾರ ಬನ್ನೂರಮಠ ಅಂತು, ರಾಜ್ಯಪಾಲ ಭಾರದ್ವಾಜ್ ಒಲ್ಲೆ ಅಂದ್ರು. 2013ರ ಫೆಬ್ರುವರಿ ತನಕ ಕುರ್ಚಿ ಖಾಲಿ! ನಂದು ನೋಡ್ರಿ, ಸಾಹೇಬ್ರ ಪಿಎ ಒಬ್ಬಾಂವ ಫೋನ್ ಮಾಡಿದಾ, ಮುಂಜಾನೆ ಆರ್ಡರ್ ಬಂತು." ಆಡಳಿತ ಸುಧಾರಣೆ ಎಂದರೆ ಇದೇ ಇರಬೇಕು. 2016ರಲ್ಲಿ ಲೋಕಾಯುಕ್ತದ ಹಲ್ಲು ಕಿತ್ತು ಎಸಿಬಿ ಕಟ್ಟಿದ್ದು, 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು, ಎಲ್ಲ ಆತನಿಗೆ ಬಾಯಿಪಾಠ. ತನ್ನ ಓಣಿಯ ರೇಷನ್ ಅಂಗಡಿ ಯಾವ ದಿನ ತೆರೆಯುತ್ತದೆ ಎಂಬುದೊಂದು ಬಿಟ್ಟು.

ಚಹಾದಂಗಡಿಯಲ್ಲಿ ಹುಡುಗನೊಬ್ಬ ಕೆಣಕಿದ: "ಕಾಕಾ, 2023ರಾಗ ನಮ್ಮ ಶಹಾಪುರದ ಗೋದಾಮಿನಿಂದ 6,077 ಕ್ವಿಂಟಲ್ ಅನ್ನಭಾಗ್ಯದ ಅಕ್ಕಿ ನಾಪತ್ತೆ ಆತಲ್ರೀ, ನಿಮ್ಮ ಜಾಗೃತಿ ಸಮಿತ್ಯಾವ್ರಿಗೆ ಒಂದು ಕಾಳೂ ಕಾಣಲಿಲ್ಲೇನ್ರಿ?"

ಕಾಕಾ ಬಸಿಯಲ್ಲಿದ್ದ ಚಹಾ ಪೂರ್ತಿ ಹೀರಿ, ಬಾಯಿ ಒರೆಸಿಕೊಂಡ.

"ಅದು ಹೋಗಿದ್ದು ಅವರ ಸರ್ಕಾರ ಇದ್ದಾಗೋ, ನಮ್ಮದು ಬಂದಮ್ಯಾಲೋ? ಮೊದ್ಲು ಅದು ಹೇಳೋ ತಮ್ಮಾ. ಸಿಟ್ಟು ಬರಿಸ್ಕೋಬೇಕೋ ಬ್ಯಾಡೋ, ಆಮ್ಯಾಲ ನೋಡೂಣು."