ಪಟ್ಟಿ ಹರಿದು ಹಾಕಿ, ಮೇಷ್ಟ್ರೇ

ಶಿರಸಿ ಕಡೆ ಹೊರಟಿದ್ದೀರಂತೆ ಮೇಷ್ಟ್ರೇ? ಮನೆಯವರು ಹೇಳಿದರು. ಆ ಕೈಯಲ್ಲಿರೋ ಪಟ್ಟಿ ಇತ್ತ ಕೊಡಿ, ನೋಡೋಣ. ಬೆಳಿಗ್ಗೆ ಯಾಣ, ಮಧ್ಯಾಹ್ನ ಸಹಸ್ರಲಿಂಗ, ಮೂರು ಗಂಟೆಗೆ ಉಂಚಳ್ಳಿ ಜಲಪಾತ, ಸೂರ್ಯಾಸ್ತಕ್ಕೆ ಗೋಕರ್ಣ. ಭೇಷ್! ಚುನಾವಣೆಗೆ ನಿಂತವರೂ ಒಂದು ದಿನಕ್ಕೆ ಇಷ್ಟು ಸುತ್ತೋದಿಲ್ಲ.

ಅಲ್ಲೊಬ್ಬ ಹಳೇ ಶಿಷ್ಯ ಅಡಿಕೆ ತೋಟ ಮಾಡ್ಕೊಂಡಿದ್ದಾನೆ ಅಂದಿರಲ್ಲ, ಅಂಥವನು ಇರುವಾಗ ಪಟ್ಟಿ ಯಾಕೆ? ಹೋಗಿ ಅವನ ಜಗಲಿ ಮೇಲೆ ಕೂತುಬಿಡಿ. ಎಲ್ಲಿಗೆ ಕರೀತಾನೋ ಅಲ್ಲಿಗೆ ಹೋಗಿ, ಬೇಡ ಅಂದ ಕಡೆ ಹೋಗಬೇಡಿ. ಆ ಸೀಮೆಯ ಗವಿ, ಗುಡ್ಡ ಎಲ್ಲ ಊರವರ ಬೆನ್ನ ಹಿಂದೆ ನಡೆದರೇ ಕಾಣೋದು. ನಮ್ಮ ಕಣ್ಣಿಗೆ ಅಲ್ಲಿ ಬರೀ ಹಸಿರು. ಅವರಿಗೆ ಒಂದೊಂದು ಮರಕ್ಕೂ ಒಂದು ಕಥೆ, ಕೆಲವಕ್ಕೆ ಒಂದು ವ್ಯಾಜ್ಯ.

ಒಂದೇ ತಾಪತ್ರಯ. ಹೊರಡೋ ಹೊತ್ತು ನಿಮ್ಮ ಕೈಲಿರೋದಿಲ್ಲ. ನನ್ನ ಗೆಳೆಯನ ಮನೇಲಿ ನಾನು ಬೆಳ್ಳಂಬೆಳಿಗ್ಗೆ ಬೂಟು ಬಿಗಿದು ಅಂಗಳದಲ್ಲಿ ನಿಂತಿದ್ದೆ. ಅವನ ಆಯಿ, ತಾಯಿಗೆ ಆ ಕಡೆ ಹಾಗೇ ಅನ್ನೋದು, 'ಆಸರಿಗೆ ಎಂತ ಬೇಕು?' ಅಂತ ಬಂದರು. ಕಾಫಿ ಆಯ್ತು. ಆಮೇಲೆ ತೆಳ್ಳೇವು, ಅಂದರೆ ತೆಳು ದೋಸೆ. ಅದಕ್ಕೆ ನೀರುನೀರಾದ ಜೋನಿಬೆಲ್ಲ, ಮೇಲೆ ತುಪ್ಪ. ಸಾಕು ಅಂದರೆ ಇನ್ನೆರಡು ಬೇಕು ಅಂತಲೇ ಲೆಕ್ಕ. ಅಷ್ಟರಲ್ಲಿ ಪಕ್ಕದ ಮನೆ ಭಾವ ಬಂದ, ಚಾಲಿ ಅಡಿಕೆ ರೇಟಿನ ವಿಚಾರ ಎತ್ತಿದ. ಅದು ಎದ್ದಮೇಲೆ ಎಲೆಅಡಿಕೆಯ ಕವಳ ಹಾಕದೆ ಯಾರೂ ಏಳೋದಿಲ್ಲ. ನಾವು ಮನೆ ಬಿಟ್ಟಾಗ ಬಿಸಿಲು ತೋಟದೊಳಗೆ ಇಳಿದಿತ್ತು. ನಿಮ್ಮ ಪಟ್ಟಿ ಪ್ರಕಾರ ಆ ಹೊತ್ತಿಗೆ ಸಹಸ್ರಲಿಂಗ!

ಇನ್ನು ದೂರದ ವಿಷಯ. 'ಇಲ್ಲೇ ಮಾರಾಯ, ಆ ದಿಬ್ಬ ಇಳಿದರೆ ಆತು' ಅಂತಾರೆ. ನಂಬಬೇಡಿ. ಅವರ 'ಇಲ್ಲೇ' ಅಂದರೆ ನಮ್ಮ ಜಯನಗರದಿಂದ ಮಲ್ಲೇಶ್ವರ. ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಹಾಕಿರ್ತಾರೆ. ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸು ಸರಸರ ದಾಟಿಹೋಗ್ತಾಳೆ. ನಾವು ಮಾತ್ರ ಕೂತ್ಕೊಂಡು ಜರುಗಬೇಕು. ಮರ್ಯಾದೆ ಹೋಯ್ತು ಅಂದ್ಕೋಬೇಡಿ, ಆ ಕಡೆಯವರು ನಗೋದು ಊಟಕ್ಕೆ ಕೂತ ಮೇಲೇ. ಆ ಗುಡ್ಡಗಳೂ ಸುಮ್ಮನೆ ಬಿದ್ದಿರೋ ಕಾಡಲ್ಲ. ಸೊಪ್ಪಿನ ಬೆಟ್ಟ ಅಂತ ತೋಟದವರಿಗೆ ಹಕ್ಕು ಕೊಟ್ಟ ಜಾಗ, ಎಕರೆ ತೋಟಕ್ಕೆ 9 ಎಕರೆವರೆಗೂ ಉಂಟು. ಅಲ್ಲಿನ ಸೊಪ್ಪು, ಉದುರಿದ ದರಕು ಎಲೆ ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಅಡಿಕೆ ಬುಡಕ್ಕೆ ಇಳಿಯುತ್ತೆ. ಹಾಗಾಗಿ ಕಾಲುದಾರಿ ತಿಳಿದವರು ಅವರೇ.

ಯಾಣ ಶಿರಸಿಯಿಂದ ಸುಮಾರು 40 ಕಿಲೋಮೀಟರ್, ತಾಲ್ಲೂಕು ಕುಮಟಾ. ಮೊದಲೆಲ್ಲ ಅಲ್ಲಿಗೆ ಕಾಡಿನಲ್ಲಿ ಮೈಲುಗಟ್ಟಲೆ ನಡೀಬೇಕಿತ್ತು. ಅದಕ್ಕೇ 'ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ' ಅನ್ನೋ ಗಾದೆ. ಗೋಕರ್ಣದಲ್ಲಿ ಪೂಜೆಗೆ ದುಡ್ಡು ಬಿಚ್ಚಬೇಕು, ಯಾಣದಲ್ಲಿ ತೊಡೆಯಲ್ಲಿ ಬಲ ಇರಬೇಕು. ತೊಂಬತ್ತರ ದಶಕದಲ್ಲಿ ಸುನೀಲ್ ಕುಮಾರ್ ದೇಸಾಯಿಯವರ 'ನಮ್ಮೂರ ಮಂದಾರ ಹೂವೇ' ಬಂತು ನೋಡಿ, ಸೊಕ್ಕು ರೊಕ್ಕ ಎರಡೂ ಇಲ್ಲದವರೂ ಹೊರಟರು. ಈಗ ಹತ್ತಿರದವರೆಗೂ ರಸ್ತೆ ಇದೆ. ಕಾರು ಬಿಟ್ಟು ಸ್ವಲ್ಪ ನಡೆದರೆ ಸಾಕು. ಹಳಬರಿಗೆ ಇದು ಅಷ್ಟು ರುಚಿಸಿಲ್ಲ. ಗೆಳೆಯನ ಅಪ್ಪ ಅಂದರು, 'ಬೆವರಿಲ್ಲದೆ ಭೈರವ ಕಂಡರೆ ಎಂತ ಫಲ?' ಅವರೇ ಮಂಡಿನೋವು ಅಂತ ಜೀಪಲ್ಲಿ ಬಂದಿದ್ದರು, ಅದು ಬೇರೆ ಮಾತು.

ಮರಗಳ ನಡುವೆ ಬಗ್ಗಿ ನಡೀತಾ ಇರ್ತೀರಿ, ಇದ್ದಕ್ಕಿದ್ದ ಹಾಗೆ ಮುಂದೆ ಕರೀ ಬಂಡೆ. ಕತ್ತು ಎತ್ತಿದಷ್ಟೂ ಮುಗಿಯೋದಿಲ್ಲ. ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90. ಭಸ್ಮಾಸುರನ ಕಥೆ ನಿಮಗೆ ನಾನು ಹೇಳಬೇಕೆ! ಅವನು ಸುಟ್ಟು ಬೂದಿಯಾದ ಜಾಗ ಇದು, ಬೇಕಾದರೆ ನೋಡು ಅಂತ ಗೆಳೆಯ ಕಾಲ ಬುಡದ ಕರೀ ಪುಡಿಮಣ್ಣು ತೆಗೆದು ಕೈಗೆ ಹಾಕಿದ. ಭೂವಿಜ್ಞಾನದವರು ಸುಣ್ಣಕಲ್ಲಿನ ಬಂಡೆ ಅಂತಾರೆ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತೆಳು ಆಮ್ಲವಾಗಿ, ಸಂದುಗೊಂದಿಗಳಲ್ಲಿ ಇಳಿದು, ಸುಣ್ಣವನ್ನ ಕರಗಿಸಿ ಒಯ್ದು, ಉಳಿದದ್ದು ಈ ಚೂಪು ಗೋಪುರ. ನಾನು ಎರಡಕ್ಕೂ ತಲೆ ಆಡಿಸಿದೆ. ಆ ಬಂಡೆ ಕೆಳಗೆ ನಿಂತು ವಾದ ಮಾಡೋ ಧೈರ್ಯ ಯಾರಿಗಿದೆ?

ಬಂಡೆ ಬಾಯಿ ತೆರೆದ ಕಡೆ ಗುಡಿ, ಲಿಂಗದ ಮೇಲೆ ತಾನಾಗಿ ತೊಟ್ಟಿಕ್ಕೋ ನೀರು. ಚಪ್ಪಲಿ ಬಿಟ್ಟು, ಹಿಂದಿನ ಸೀಳಿನಲ್ಲಿ ಹತ್ತಿ ಒಂದು ಸುತ್ತು ಬನ್ನಿ. ಬಂಡೆಯ ಹೊಟ್ಟೆಯೊಳಗೇ ಪ್ರದಕ್ಷಿಣೆ. ಕಾಲಿಗೆ ತಣ್ಣನೆ ಕಲ್ಲು, ಮೂಗಿಗೆ ಬಾವಲಿ ವಾಸನೆ, ಎಲ್ಲೋ ಮೇಲೆ ಒಂದು ಚೂರು ಆಕಾಶ. ಅಲ್ಲಿ ಕೂಗಬೇಡಿ, ಸೆಂಟು ಬಳ್ಕೊಂಡು ಹೋಗಬೇಡಿ. ಶಿಖರದ ಮೈತುಂಬ ಹೆಜ್ಜೇನು ತಟ್ಟಿ. ಪೇಟೆ ಹುಡುಗರು ಮೊಬೈಲಲ್ಲಿ ಹಾಡು ಹಾಕ್ಕೊಂಡು ಬಂದಾಗ ನನ್ನ ಗೆಳೆಯ ಮೊದಲು ನೋಡಿದ್ದು ಹುಡುಗರನ್ನಲ್ಲ, ಜೇನನ್ನ.

ಮಳೆಗಾಲದಲ್ಲಿ ಹೋಗೋದಾ? ಹೋಗಬಹುದು, ಉಂಬಳಕ್ಕೆ ರಕ್ತದಾನ ಮಾಡೋ ಮನಸ್ಸಿದ್ದರೆ. ಬಿದ್ದ ಎಲೆ ಮೇಲೆ ಎದ್ದು ನಿಂತು ನಿಮ್ಮ ದಾರೀನೇ ಕಾಯ್ತಿರ್ತವೆ. ಸುಣ್ಣವೋ ಉಪ್ಪೋ ತಾಗಿಸಿದರೆ ಬಿಟ್ಟು ಬೀಳ್ತವೆ. ಕಚ್ಚಿದ ಜಾಗ ಆಮೇಲೂ ತುಸು ಹೊತ್ತು ಸೋರುತ್ತೆ, ಗಾಬರಿ ಬೇಡ. ಗಾಬರಿ ಬೀಳಬೇಕಾದ್ದು ಬೇರೆ ಇದೆ, ಬೇಸಿಗೆಯ ಉಣ್ಣಿ. ಮಂಗನ ಕಾಯಿಲೆ ಕೇಳಿದ್ದೀರಲ್ಲ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಯ್ತು. ಉಣ್ಣಿ ಕಚ್ಚಿದರೆ ಬರುತ್ತೆ, ಸಿದ್ದಾಪುರ ಕಡೆಯೂ ಜನ ಸತ್ತಿದ್ದಾರೆ. ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಹಂಚ್ತಾರೆ, ಅದನ್ನ ಕೈಕಾಲಿಗೆ ಸವರಿಕೊಂಡೇ ಜನ ಸೊಪ್ಪಿಗೆ ಹೋಗೋದು. ಯಾವ ಗುಡ್ಡದಲ್ಲಿ ಮಂಗ ಸತ್ತು ಬಿದ್ದಿದೆ ಅನ್ನೋದು ನಿಮ್ಮ ಫೋನಿನ ನಕಾಶೆಗೆ ಗೊತ್ತಿಲ್ಲ. ನಿಮ್ಮ ಶಿಷ್ಯನಿಗೆ ಗೊತ್ತಿರುತ್ತೆ. ಅವನು 'ಈ ಸಲ ಆ ಬದಿ ಬೇಡ' ಅಂದರೆ ಯಾಕೆ ಅಂತ ಕೇಳದೆ ಚಪ್ಪಲಿ ಬಿಚ್ಚಿ ಒಳಗೆ ಕೂತ್ಕೊಳ್ಳಿ.

ಇನ್ನೂ ಕಾಲಲ್ಲಿ ಕಸುವಿದ್ದರೆ ಜೋಯಿಡಾ, ದಾಂಡೇಲಿ ಕಡೆಗೆ ಹೊರಳಿ. ಅಲ್ಲಿ ಕವಳೆ ಗುಹೆ ಇದೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಅರಣ್ಯ ಇಲಾಖೆ ಬಿಟ್ಟ ಹೊತ್ತಿಗೆ, ಬಿಟ್ಟ ದಾರಿಯಲ್ಲೇ ಹೋಗಬೇಕು. ನೂರಾರು ಮೆಟ್ಟಿಲು ಇಳಿದು, ಆಮೇಲೆ ಬಗ್ಗಿ, ಕೆಲವು ಕಡೆ ತೆವಳಿ. ಒಳಗಿರೋ ಲಿಂಗವನ್ನ ಯಾವ ಶಿಲ್ಪಿಯೂ ಕಡೆದಿಲ್ಲ. ಸುಣ್ಣದ ನೀರು ಹನಿಹನಿಯಾಗಿ ಬಿದ್ದು ಬೆಳೆದದ್ದು. ಭಕ್ತಿ ಉಕ್ಕಿದರೂ ಕೈ ಮುಗಿದು ಬನ್ನಿ, ಮುಟ್ಟಬೇಡಿ. ಕೈಯ ಜಿಡ್ಡು ಕೂತ ಕಡೆ ಸುಣ್ಣ ಕೂರೋದಿಲ್ಲ. ಉಳವಿಗೂ ಹೋಗಿ. ಕಲ್ಯಾಣದ ಗಲಭೆಯಾದ ಮೇಲೆ ಚೆನ್ನಬಸವಣ್ಣ ಶರಣರನ್ನ ಕರ್ಕೊಂಡು ಬಂದು ಐಕ್ಯವಾದ ಜಾಗ. ಸುತ್ತ ಕಾಡಿನಲ್ಲಿ ಆಕಳ ಗವಿ, ಮಹಾಮನೆ ಗವಿ ಅಂತ ಇವೆ. ಭಾರತ ಹುಣ್ಣಿಮೆ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಇವತ್ತಿಗೂ ಚಕ್ಕಡಿ ಹೂಡಿಕೊಂಡು ಬರ್ತಾರೆ. ಆ ದಾರಿ ನೋಡಿದಮೇಲೆ ನಾನು ನನ್ನ ಸೊಂಟನೋವಿನ ಮಾತು ಎತ್ತೋದು ಬಿಟ್ಟೆ.

ರಾತ್ರಿಗೆ ಕೆಲಸ ಇಲ್ಲ ಅಂದ್ಕೊಂಡಿರಾ? ಚಳಿಗಾಲದಲ್ಲಿ ಹೋದರೆ ಅಡಿಕೆ ಕೊನೆ ಕೊಯ್ಲು ನಡೀತಿರುತ್ತೆ, ಉಂಡ ಮೇಲೆ ಮನೆಮಂದಿಯೆಲ್ಲ ಅಡಿಕೆ ಸುಲಿಯೋಕೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ. ನನಗೂ ಒಂದು ಕೊಟ್ಟರು. ಅವರು ಬುಟ್ಟಿ ತುಂಬಿಸೋ ಹೊತ್ತಿಗೆ ನನ್ನ ಮುಂದೆ ಒಂದು ಬೊಗಸೆ, ಅದರಲ್ಲೂ ಅರ್ಧ ಗಾಯವಾದದ್ದು. ಆಯಿ ನೋಡಿ, 'ಅಡ್ಡಿಲ್ಲೆ' ಅಂದರು. ನೋಡಿ ಮೇಷ್ಟ್ರೇ, ಊರಿನ ಸುದ್ದಿ ಪೂರಾ ಸಿಕ್ಕಿದ್ದು ಅಲ್ಲೇ. ಯಾವ ಗವಿಯಲ್ಲಿ ಕರಡಿ ಮರಿ ಹಾಕಿದೆ, ಯಾರ ತೋಟಕ್ಕೆ ಕೊಳೆರೋಗ ಬಂತು, ಯಾರ ಮಗ ಬೆಂಗಳೂರಿಂದ ವಾಪಸ್ ಬಂದು ಮೆಣಸು ಹಾಕಿದ್ದಾನೆ. ರೆಸಾರ್ಟಿನಲ್ಲಿ ಇಳ್ಕೊಂಡಿದ್ದರೆ ವೈಫೈ ಪಾಸ್‌ವರ್ಡ್ ಸಿಗ್ತಿತ್ತು, ಅಷ್ಟೇ.

ಹೋಗೋ ಮುಂಚೆ ಒಂದು ಫೋನ್ ಹಾಕಿ ಕೇಳಿ, ಕೊಯ್ಲಿನವರು ಯಾವತ್ತು ಬರ್ತಾರೆ, ಮನೇಲಿ ಏನಾದರೂ ಕಾರ್ಯ ಇದೆಯಾ ಅಂತ. ಒಳ್ಳೇ ಟಾರ್ಚು ಇಟ್ಕೊಳ್ಳಿ, ಜಾರದ ಚಪ್ಪಲಿ ಇಟ್ಕೊಳ್ಳಿ. ನೀವು ಹಳೇ ಗುರುಗಳು, ಆ ಮನೆಯವರು ಬರಿಗೈಲಿ ಕಳಿಸೋದಿಲ್ಲ. ಆಲೆಮನೆ ಕಾಲವಾದರೆ ನನಗೊಂದು ಡಬ್ಬಿ ಜೋನಿಬೆಲ್ಲ ತನ್ನಿ. ಮುಚ್ಚಳ ಬಿಗಿಯಾಗಿದೆಯಾ ನೋಡ್ಕೊಳ್ಳಿ, ಬಸ್ಸಿನಲ್ಲಿ ಸೋರಿದರೆ ಇರುವೆ ಸಮೇತ ಬೆಂಗಳೂರಿಗೆ ಬರಬೇಕಾಗುತ್ತೆ.